ನಾಟಾ ಡಿಪೊಕ್ಕೆ ಬರುವ ಮಂಗಟ್ಟೆಗಳು

ದಾಂಡೇಲಿಯ ಸರಕಾರಿ ನಾಟಾ ಡಿಪೊ ಉದ್ಯಾನವನವಲ್ಲ. ಹೂವಿನ ಮಡಿ, ಕಾರಂಜಿಗಳನ್ನು ನೋಡಲು ಯಾರೂ ಅಲ್ಲಿಗೆ ಹೋಗುವುದಿಲ್ಲ. ಕಾಡಿನಿಂದ ಕಡಿದು ತಂದ ದಿಮ್ಮಿಗಳು ಸಾಲುಸಾಲಾಗಿ, ಗುರುತಿನ ಸಂಖ್ಯೆ ಹೊತ್ತು ಹರಾಜಿಗೆ ಕಾಯುತ್ತ ಬಿದ್ದಿರುವ ಜಾಗ ಅದು. ಹಾಗಿದ್ದರೂ ಹಕ್ಕಿಗಳ ಛಾಯಾಚಿತ್ರ ತೆಗೆಯುವವರ ನಡುವೆ ಈ ಡಿಪೊಕ್ಕೆ ಇರುವ ಹೆಸರು ರಾಜ್ಯದ ಎಷ್ಟೋ ದೊಡ್ಡ ಉದ್ಯಾನವನಗಳಿಗಿಲ್ಲ. ಬೆಳಗಿನ ಹೊತ್ತು ಉದ್ದನೆಯ ಮಸೂರಗಳನ್ನು ಹೊತ್ತ ಜನ ಇಲ್ಲಿ ತಲೆಯೆತ್ತಿ ನಿಂತಿರುತ್ತಾರೆ. ಅವರು ಕಾಯುವುದು ಮಂಗಟ್ಟೆಗಳಿಗಾಗಿ.

ದಟ್ಟ ಕಾಡಿನ ಹಕ್ಕಿ ಎಂದೇ ಹೆಸರಾದ ಮಂಗಟ್ಟೆ, ಕಾಗದದ ಕಾರ್ಖಾನೆಯಿರುವ ಪಟ್ಟಣದೊಳಗಿನ ಮರದ ಅಂಗಳಕ್ಕೆ ಏಕೆ ಬರುತ್ತದೆ? ನೂರಾರು ಚದರ ಕಿಲೋಮೀಟರು ಕಾಡು ಪಕ್ಕದಲ್ಲೇ ಇರುವಾಗ ಛಾಯಾಗ್ರಾಹಕರು ಅದನ್ನು ಇಲ್ಲೇ ಏಕೆ ಹುಡುಕುತ್ತಾರೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕ ಹೊರಟರೆ ಉತ್ತರ ಕನ್ನಡ ಜಿಲ್ಲೆಯ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚಿನ ಇತಿಹಾಸವೊಂದು ಬಿಚ್ಚಿಕೊಳ್ಳುತ್ತದೆ.

ಕೋವಿಯ ಕಾಲ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾರವಾರದಲ್ಲಿ ಆಗ ಪ್ರಕೃತಿಯ ಹುಚ್ಚು ಹಿಡಿಸಿಕೊಂಡ ಕೆಲವು ಬ್ರಿಟಿಷ್ ಅಧಿಕಾರಿಗಳಿದ್ದರು. ಒಬ್ಬರು ಐ.ಸಿ.ಎಸ್. ಅಧಿಕಾರಿ ಜೇಮ್ಸ್ ಡೇವಿಡ್‌ಸನ್, ಇನ್ನೊಬ್ಬರು ಅರಣ್ಯ ಇಲಾಖೆಯ ಟಿ.ಆರ್. ಬೆಲ್, ಮತ್ತೊಬ್ಬರು ಉಪ್ಪಿನ ಇಲಾಖೆಯ ಇ.ಎಚ್. ಐಟ್ಕನ್. ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳ ಕುರಿತು ಬರೆದ ಲೇಖನಮಾಲೆ 1896ರಿಂದ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. 1898ರಲ್ಲಿ ಅದೇ ಪತ್ರಿಕೆಯಲ್ಲಿ ಡೇವಿಡ್‌ಸನ್ ಉತ್ತರ ಕನ್ನಡದ ಹಕ್ಕಿಗಳ ಪಟ್ಟಿಯನ್ನು ವಿವರಗಳೊಡನೆ ಪ್ರಕಟಿಸಿದರು. ಹಳಿಯಾಳ, ಸೂಪಾ, ಮುಂಡಗೋಡಗಳ ಕಾಡು ಅವರ ಸೀಮೆಯೊಳಗೇ ಇತ್ತು.

ಆ ಕಾಲದಲ್ಲಿ ಹಕ್ಕಿಯನ್ನು 'ನೋಡುವುದು' ಎಂದರೆ ಬಹುಮಟ್ಟಿಗೆ ಹೊಡೆದು ಕೈಗೆತ್ತಿಕೊಳ್ಳುವುದೇ ಆಗಿತ್ತು. ಕೋವಿಯಿಂದ ಉರುಳಿಸಿ, ಚರ್ಮ ಸುಲಿದು, ಒಣಗಿಸಿ, ಚೀಟಿ ಕಟ್ಟಿ ಪೆಟ್ಟಿಗೆಗೆ ಹಾಕಿದ ಮೇಲಷ್ಟೇ ಜಾತಿ ಖಚಿತವಾಗುತ್ತಿತ್ತು. ಮೊಟ್ಟೆಗಳನ್ನೂ ಗೂಡಿನಿಂದ ತೆಗೆದು ಸಂಗ್ರಹಿಸುತ್ತಿದ್ದರು. ಇದನ್ನು ಕ್ರೌರ್ಯ ಎಂದಷ್ಟೇ ಹೇಳಿ ಮುಗಿಸುವಂತಿಲ್ಲ. ಸರಿಯಾದ ದೂರದರ್ಶಕ, ಸಚಿತ್ರ ಕೈಪಿಡಿ ಇಲ್ಲದ ದಿನಗಳಲ್ಲಿ ಪುರಾವೆಗೆ ಬೇರೆ ದಾರಿ ಇರಲಿಲ್ಲ. ಇಂದು ನಾವು ಓದುವ ಹಕ್ಕಿ ಪುಸ್ತಕಗಳ ಅಳತೆ, ಬಣ್ಣಗಳ ವಿವರಗಳಿಗೆ ಆ ಒಣ ಚರ್ಮಗಳೇ ಆಧಾರ.

ಇದೇ ಕಾಲದ ಒಂದು ಮಂಗಟ್ಟೆ ಮಾತ್ರ ಜೀವಂತವಾಗಿ ಚರಿತ್ರೆ ಸೇರಿತು. 1894ರಲ್ಲಿ ಕಾರವಾರದ ಇಂಗಲ್ ಎಂಬವರು ಮೂರು ತಿಂಗಳ ದೊಡ್ಡ ದಾಸಮಂಗಟ್ಟೆಯ ಮರಿಯೊಂದನ್ನು ಮುಂಬಯಿಯ ಸೊಸೈಟಿಗೆ ಕಾಣಿಕೆಯಾಗಿ ಕೊಟ್ಟರು. ಅದಕ್ಕೆ ವಿಲಿಯಂ ಎಂದು ಹೆಸರಿಟ್ಟರು. ಬಾಳೆಹಣ್ಣು, ಅತ್ತಿಹಣ್ಣುಗಳ ಜೊತೆಗೆ ಇಲಿ, ಚೇಳುಗಳನ್ನೂ ನುಂಗುತ್ತ, ಮೂವತ್ತು ಅಡಿ ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತ ಅದು ಸೊಸೈಟಿಯ ಕಚೇರಿಯಲ್ಲೇ 1920ರವರೆಗೆ ಬದುಕಿತು. 1933ರಲ್ಲಿ ಸೊಸೈಟಿ ಸುವರ್ಣ ಮಹೋತ್ಸವ ಆಚರಿಸಿಕೊಂಡಾಗ ಲಾಂಛನವಾಗಿ ಆರಿಸಿಕೊಂಡದ್ದು ಇದೇ ಹಕ್ಕಿಯ ಆಕೃತಿಯನ್ನು. ದೇಶದ ಪಕ್ಷಿಶಾಸ್ತ್ರದ ದೊಡ್ಡ ಸಂಸ್ಥೆಯೊಂದರ ಗುರುತಿಗೆ ಮಾದರಿಯಾದ ಹಕ್ಕಿ ಉತ್ತರ ಕನ್ನಡದಿಂದ ಹೋದದ್ದು ಎಂಬುದು ಜಿಲ್ಲೆಯಲ್ಲೇ ಹೆಚ್ಚಿನವರಿಗೆ ತಿಳಿದಿಲ್ಲ.

ಟೊಳ್ಳು ಎತ್ತು, ಮರೆಗೂಡು

ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದದ್ದು ನಿಧಾನವಾಗಿ. ಇಂಗ್ಲೆಂಡಿನಲ್ಲಿ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಎಂಬ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಗೂಡೊಂದರ ಚಿತ್ರ ತೆಗೆದರು. ಅವರ ಹಕ್ಕಿಗೂಡುಗಳ ಪುಸ್ತಕ 1895ರಲ್ಲಿ ಹೊರಬಂದಾಗ ಪ್ರತಿ ಚಿತ್ರವೂ ಕಾಡಿನಲ್ಲೇ ತೆಗೆದ ಛಾಯಾಚಿತ್ರವಾಗಿತ್ತು. ಹಕ್ಕಿಯ ಸಮೀಪಕ್ಕೆ ಹೋಗಲು ಈ ಸಹೋದರರು ಮಾಡದ ಉಪಾಯವಿಲ್ಲ. ಎತ್ತಿನ ಚರ್ಮ ಹೊದಿಸಿದ ಟೊಳ್ಳು ಬೊಂಬೆಯೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ನಿಂತು ಚಿತ್ರ ತೆಗೆದರು. ಮೇಯುವ ಎತ್ತಿಗೆ ಹಕ್ಕಿ ಹೆದರುವುದಿಲ್ಲ ಎಂಬುದು ಅವರ ಲೆಕ್ಕ.

ಈ ಉಪಾಯದ ಸರಳ ರೂಪವೇ 'ಮರೆಗೂಡು'. ಬಟ್ಟೆ, ಗೋಣಿ ಅಥವಾ ಸೊಪ್ಪಿನಿಂದ ಒಬ್ಬರು ಕೂರುವಷ್ಟು ಮರೆ ಕಟ್ಟಿ, ಸಣ್ಣ ಕಿಂಡಿಯಿಂದ ಕ್ಯಾಮೆರಾ ಇಣುಕಿಸುವುದು. ಭಾರತದಲ್ಲಿ ರೈಲ್ವೆ ಇಲಾಖೆಯಲ್ಲಿದ್ದ ಇ.ಎಚ್.ಎನ್. ಲೋಥರ್ ಈ ಬಗೆಯಲ್ಲಿ ದಶಕಗಟ್ಟಲೆ ದುಡಿದು 1949ರಲ್ಲಿ ಪುಸ್ತಕ ತಂದರು. ಸಲೀಂ ಅಲಿಯವರ ಗೆಳೆಯ, ಸಿಂಗಪುರದ ಚಲನಚಿತ್ರೋದ್ಯಮಿ ಲೋಕ್ ವಾನ್ ಥೊ ಅವರ ಹಕ್ಕಿ ಚಿತ್ರಗಳ ಪುಸ್ತಕ 1957ರಲ್ಲಿ ಬಂತು.

ಕರ್ನಾಟಕ ಈ ಕಲೆಯಲ್ಲಿ ಹಿಂದೆ ಬೀಳಲಿಲ್ಲ. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್ (1932-2017), ಇ. ಹನುಮಂತರಾವ್, ಸಂಡೂರಿನ ರಾಜಮನೆತನದವರೂ ರಾಜ್ಯದ ಅರ್ಥಸಚಿವರೂ ಆಗಿದ್ದ ಎಂ.ವೈ. ಘೋರ್ಪಡೆ ಮುಂತಾದವರು ದೇಶದ ವನ್ಯಜೀವಿ ಛಾಯಾಗ್ರಹಣಕ್ಕೆ ದಾರಿ ಹಾಕಿದರು. ಮೂಡಿಗೆರೆಯ ತೋಟದಲ್ಲಿ ಕುಳಿತು ಹಕ್ಕಿಗಳ ಚಿತ್ರ ತೆಗೆದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿ ನೋಡುವುದನ್ನು ಕನ್ನಡದ ಓದುಗರ ಮನೆಯೊಳಗೇ ತಂದರು. ಬೆಂಗಳೂರಿನ ಹಕ್ಕಿ ವೀಕ್ಷಕರು ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ಪರಿಪಾಠ ಹಲವು ದಶಕ ನಡೆದುಬಂದು, ನಗರದ ಉದ್ಯಾನವನವೂ ಹಕ್ಕಿ ಕಲಿಯುವ ಶಾಲೆಯಾಯಿತು.

ಆ ಕಾಲದ ಚಿತ್ರಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಬಹುಪಾಲು ಚಿತ್ರಗಳು ಗೂಡಿನ ಬಳಿಯವು. ಇದಕ್ಕೆ ತಾಂತ್ರಿಕ ಕಾರಣವಿತ್ತು. ಅಂದಿನ ಒಳ್ಳೆಯ ವರ್ಣಫಿಲಂಗಳ ಬೆಳಕು ಹಿಡಿಯುವ ವೇಗ 25 ಅಥವಾ 64. ಇಂದಿನ ಡಿಜಿಟಲ್ ಕ್ಯಾಮೆರಾ ಸಲೀಸಾಗಿ 1600, 3200ರಲ್ಲಿ ಕೆಲಸ ಮಾಡುತ್ತದೆ. ಮಸೂರಗಳೂ ಗಿಡ್ಡ. ಹಾಗಾಗಿ ಹಕ್ಕಿ ಖಂಡಿತವಾಗಿ ಬಂದು ಕೂರುವ ಜಾಗ ಮೊದಲೇ ಗೊತ್ತಿರಬೇಕಿತ್ತು. ಮರಿಗಳಿರುವ ಗೂಡಿಗೆ ತಾಯಿ ಬಂದೇ ಬರುತ್ತದೆ. ಛಾಯಾಗ್ರಾಹಕ ಫ್ಲಾಷ್ ದೀಪ ಕಟ್ಟಿ, ದೂರ ಅಳೆದು, ಕಾದು ಕೂರುತ್ತಿದ್ದ. ಒಂದು ಸುರುಳಿಯಲ್ಲಿ ಮೂವತ್ತಾರೇ ಚಿತ್ರ. ಒಂದೊಂದನ್ನೂ ಲೆಕ್ಕ ಹಾಕಿ ಖರ್ಚು ಮಾಡಬೇಕಿತ್ತು.

ಕಾಡಿನ ಕತ್ತಲೆ, ಡಿಪೊದ ಬೆಳಕು

ಈಗ ಮತ್ತೆ ದಾಂಡೇಲಿಗೆ ಬರೋಣ. ಇಲ್ಲಿನ ಕಾಡುಗಳಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಎಲ್ಲಕ್ಕೂ ದೊಡ್ಡದು ಹಳದಿ ಶಿರಸ್ತ್ರಾಣದ ದೊಡ್ಡ ದಾಸಮಂಗಟ್ಟೆ. ಅದರ ನಂತರದ್ದು ಕಪ್ಪು-ಬಿಳಿ ಮೈಯ ಮಲಬಾರ್ ದಾಸಮಂಗಟ್ಟೆ. ಇನ್ನೆರಡು ಬೂದುಬಣ್ಣದವು: ಪಶ್ಚಿಮ ಘಟ್ಟದಲ್ಲಷ್ಟೇ ಕಾಣುವ ಮಲಬಾರ್ ಬೂದು ಮಂಗಟ್ಟೆ ಮತ್ತು ಬಯಲಿನಲ್ಲೂ ಬದುಕಬಲ್ಲ ಸಾಮಾನ್ಯ ಬೂದು ಮಂಗಟ್ಟೆ. ಘಟ್ಟದ ತೇವದ ಕಾಡೂ ಬಯಲುಸೀಮೆಯ ಅಂಚೂ ಕೂಡುವ ಜಾಗವಾದ್ದರಿಂದ ಈ ನಾಲ್ಕೂ ಇಲ್ಲಿ ಸಿಗುತ್ತವೆ.

ಆದರೆ ದಟ್ಟ ಕಾಡಿನೊಳಗೆ ಅವುಗಳ ಚಿತ್ರ ತೆಗೆಯುವುದು ಕಷ್ಟ. ಹಕ್ಕಿ ಕೂರುವುದು ಎತ್ತರದ ಮರದ ನೆತ್ತಿಯಲ್ಲಿ. ಕೆಳಗೆ ನಿಂತವನಿಗೆ ಕಾಣುವುದು ಬಿಳಿಯ ಆಕಾಶಕ್ಕೆ ಅಂಟಿದ ಕಪ್ಪು ಆಕೃತಿ ಮಾತ್ರ. ನೆಲದಲ್ಲಿ ನೆರಳು, ನೆತ್ತಿಯಲ್ಲಿ ಬಿಸಿಲು, ನಡುವೆ ಎಲೆಗಳ ಪರದೆ. ಡಿಪೊದ ಅನುಕೂಲ ಇಲ್ಲಿದೆ. ದಿಮ್ಮಿ ಸಾಗಿಸಲು ತೆರವು ಮಾಡಿದ ಬಯಲು, ನಡುನಡುವೆ ಉಳಿಸಿದ ಹಳೆಯ ಮರಗಳು. ಬೆಳಗಿನ ಬೆಳಕು ಓರೆಯಾಗಿ ಒಳಬರುತ್ತದೆ. ಮಂಗಟ್ಟೆಗಳಿಗೂ ಇಲ್ಲಿ ಕೆಲಸವಿದೆ: ಅತ್ತಿ, ಆಲದ ಜಾತಿಯ ಮರಗಳು. ಈ ಜಾತಿಯ ಮರಗಳು ಒಂದೇ ಋತುವಿನಲ್ಲಿ ಒಟ್ಟಿಗೆ ಹಣ್ಣು ಬಿಡುವುದಿಲ್ಲ, ಒಂದು ಮುಗಿಯುವಾಗ ಇನ್ನೊಂದು ತೊಡಗುತ್ತದೆ. ಹೀಗಾಗಿ ಬೇರೆ ಹಣ್ಣು ಸಿಗದ ದಿನಗಳಲ್ಲೂ ಮಂಗಟ್ಟೆಗಳ ಹೊಟ್ಟೆ ನಡೆಯುತ್ತದೆ. ಹಣ್ಣಾದ ಮರ ಕಾಡಿನಲ್ಲಿದೆಯೇ ಪಟ್ಟಣದಲ್ಲಿದೆಯೇ ಎಂದು ಅವು ನೋಡುವುದಿಲ್ಲ. ಮಲಬಾರ್ ದಾಸಮಂಗಟ್ಟೆಗಳು ಡಿಪೊದ ನೆಲಕ್ಕೂ ಇಳಿಯುತ್ತವೆ. ಕಾಡಿನ ಹಕ್ಕಿಯೊಂದನ್ನು ಕಣ್ಣಿನ ಮಟ್ಟದಲ್ಲಿ ಕಾಣುವ ಇಂಥ ಅವಕಾಶ ಅಪರೂಪ.

ವಿಪರ್ಯಾಸವೆಂದರೆ, ಡಿಪೊ ಇರುವುದೇ ಮಂಗಟ್ಟೆಯ ಮನೆಯನ್ನು ಮಾರುವುದಕ್ಕೆ. ಮರಕುಟಿಗದಂತೆ ಮರ ಕೊರೆಯಲು ಮಂಗಟ್ಟೆಗೆ ಬಾರದು. ವಯಸ್ಸಾದ ದೊಡ್ಡ ಮರದಲ್ಲಿ ತಾನಾಗಿ ಆದ ಪೊಟರೆಯೇ ಅದಕ್ಕೆ ಬೇಕು. ನಾಟಾಕ್ಕೆ ಬೆಲೆ ಬರುವುದೂ ಅಂಥ ದೊಡ್ಡ ಮರಕ್ಕೇ. ಬ್ರಿಟಿಷರ ಕಾಲದಿಂದ ದಾಂಡೇಲಿಯ ಹೆಸರು ಹೊರಲೋಕಕ್ಕೆ ತಿಳಿದದ್ದು ಸಾಗುವಾನಿಯಿಂದ. ಅಳ್ನಾವರದಿಂದ ಇಲ್ಲಿಗೆ ರೈಲುದಾರಿ ಹಾಕಿದ್ದೂ ಮರ ಸಾಗಿಸಲೆಂದೇ. ಸ್ವಾತಂತ್ರ್ಯದ ನಂತರ, 1950ರ ದಶಕದಲ್ಲಿ, ಬಿದಿರನ್ನು ನಂಬಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಬಂತು. ದಾಂಡೇಲಿ ಅಭಯಾರಣ್ಯ ಘೋಷಣೆಯಾದದ್ದೂ ಅದೇ ದಶಕದಲ್ಲಿ, 1956ರಲ್ಲಿ. ಕಡಿಯುವುದು, ಕಾಯುವುದು ಎರಡೂ ಒಂದೇ ಊರಿನಲ್ಲಿ ಜೊತೆಜೊತೆಯಾಗಿ ಬೆಳೆದವು.

ಮದ್ದಿನ ಮನೆಯ ಮುಂದೆ ನೀರಿನ ಬಟ್ಟಲು

ದಾಂಡೇಲಿಯಿಂದ ಜೋಯಿಡಾ ತಾಲ್ಲೂಕಿನ ಗಣೇಶಗುಡಿಗೆ ಹೋದರೆ ಇಂಥದೇ ಇನ್ನೊಂದು ಉದಾಹರಣೆ ಸಿಗುತ್ತದೆ. ಕಾಳಿ ನದಿಗೆ ಅಡ್ಡಲಾಗಿ ಇಲ್ಲಿ ಕಟ್ಟಿದ 101 ಮೀಟರು ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಊರೇ ನೀರಿನಡಿ ಹೋಯಿತು. ಕಚೇರಿಗಳು ಜೋಯಿಡಾಕ್ಕೆ ಬಂದವು, ನೆಲೆ ಕಳೆದುಕೊಂಡ ಬಹಳ ಕುಟುಂಬಗಳು ರಾಮನಗರಕ್ಕೆ ಹೋದವು. ಅಣೆಕಟ್ಟಿಗೆ ಬಂಡೆ ಒಡೆಯಲು ಬೇಕಾದ ಸ್ಫೋಟಕಗಳನ್ನು ಊರಿನಿಂದ ದೂರ, ಕಾಡಿನ ನಡುವೆ ಕಟ್ಟಡವೊಂದರಲ್ಲಿ ಇಟ್ಟಿದ್ದರು. ಅದೇ ಇಂದಿನ 'ಓಲ್ಡ್ ಮ್ಯಾಗಜಿನ್ ಹೌಸ್'. ಹೆಸರು ಕೇಳಿ ಪತ್ರಿಕೆಯ ಕಚೇರಿ ಎಂದುಕೊಳ್ಳಬೇಕಾಗಿಲ್ಲ. ಮ್ಯಾಗಜಿನ್ ಎಂದರೆ ಇಲ್ಲಿ ಮದ್ದಿನ ಮನೆ.

ಅಣೆಕಟ್ಟು ಮುಗಿದು ಮದ್ದು ಖಾಲಿಯಾದ ಮೇಲೆ ಆ ಜಾಗ ಜಂಗಲ್ ಲಾಡ್ಜಸ್ ಸಂಸ್ಥೆಯ ಪ್ರವಾಸಿ ಬಿಡಾರವಾಯಿತು. ಅಂಗಳದಲ್ಲಿ ಹಕ್ಕಿಗಳಿಗೆಂದು ನೀರಿನ ತೊಟ್ಟಿಗಳನ್ನು ಇಟ್ಟರು. ಬೇಸಿಗೆಯಲ್ಲಿ ಕಾಡಿನ ಝರಿಗಳು ಬತ್ತಿದಾಗ ಪೊದೆಯೊಳಗಿನ ನಾಚಿಕೆಯ ಹಕ್ಕಿಗಳೆಲ್ಲ ಈ ತೊಟ್ಟಿಗಳಿಗೆ ಸರದಿಯಂತೆ ಬರತೊಡಗಿದವು. ಕೆಂಪು ಕೊರಳಿನ ಪಿಕಳಾರ, ಬಾಲದಂಡೆ, ಕಿತ್ತಳೆ ತಲೆಯ ನೆಲಸಿಳ್ಳಾರ, ನೀಲಿ ನೊಣಹಿಡುಕ, ಹಸಿರು ರೆಕ್ಕೆಯ ಕಾಡುಪಾರಿವಾಳ. ಕಾಡಿನಲ್ಲಿ ದಿನವಿಡೀ ಅಲೆದರೂ ಅರೆಕ್ಷಣ ಕಾಣುವ ಹಕ್ಕಿ ಇಲ್ಲಿ ಹತ್ತು ಹೆಜ್ಜೆ ದೂರದಲ್ಲಿ ರೆಕ್ಕೆ ಬಡಿದು ಸ್ನಾನ ಮಾಡುತ್ತದೆ. ಛಾಯಾಗ್ರಾಹಕರು ಮರೆಯಲ್ಲಿ ಮಾತಿಲ್ಲದೆ ಕೂರುತ್ತಾರೆ.

ಹಳೆಯ ಗೂಡಿನ ಛಾಯಾಗ್ರಹಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಾರ್ಹ. ಎರಡರಲ್ಲೂ ಹಕ್ಕಿ ಬರುವ ಜಾಗ ಮೊದಲೇ ಗೊತ್ತು. ಆದರೆ ಗೂಡಿಗೆ ಬಾರದೆ ಹಕ್ಕಿಗೆ ಬೇರೆ ದಾರಿಯಿಲ್ಲ. ನೀರಿಗೆ ಅದು ಬೇಕಾದರೆ ಬರುತ್ತದೆ, ಹೆದರಿದರೆ ಹಾರಿಹೋಗಿ ಮತ್ತೊಮ್ಮೆ ಬರುತ್ತದೆ. ಅದರ ಮರಿಗಳು ಅದಕ್ಕಾಗಿ ಉಪವಾಸ ಬೀಳಬೇಕಾಗಿಲ್ಲ.

ಪೂರ್ವಕ್ಕೆ, ಮುಂಡಗೋಡ ತಾಲ್ಲೂಕಿನಲ್ಲಿ, ನೀರಾವರಿಗಾಗಿ ಕಟ್ಟಿದ ಅತ್ತಿವೇರಿ ಜಲಾಶಯ ಮೂರನೆಯ ಉದಾಹರಣೆ. ಹುನಗುಂದ ಗ್ರಾಮದ ಸಮೀಪದ ಈ ಜಲಾಶಯ ಈಗ ಪಕ್ಷಿಧಾಮ. ವಿಸ್ತಾರ ಕೇವಲ 2.23 ಚದರ ಕಿಲೋಮೀಟರು. ನೀರುಕಾಗೆ, ಬೆಳ್ಳಕ್ಕಿ, ಬಿಳಿ ಕೆಂಬರಲು, ಚಮಚದ ಕೊಕ್ಕುಗಳಿಗೆ ಇದು ನೆಲೆ. ಸುತ್ತಲಿನ ಭತ್ತದ ಗದ್ದೆ ಮತ್ತು ಕೆರೆಗಳು ಅವುಗಳ ಉಗ್ರಾಣ. ದಾಂಡೇಲಿಯನ್ನು ಬಹುಕಾಲ ತನ್ನೊಳಗೆ ಇಟ್ಟುಕೊಂಡಿದ್ದ ಹಳಿಯಾಳ ತಾಲ್ಲೂಕಿನ ಪೂರ್ವಭಾಗವೂ ಇಂಥದೇ ಅರೆಮಲೆನಾಡು. ಕೆರೆ, ಗದ್ದೆ, ಹೊಲದ ಬದುವಿನ ಮರಗಳ ನಾಡು. ಸಾಮಾನ್ಯ ಬೂದು ಮಂಗಟ್ಟೆಗೆ ಒಗ್ಗುವುದು ಇಂಥ ಸೀಮೆಯೇ.

ನಾಟಾ ಡಿಪೊ, ಮದ್ದಿನ ಮನೆ, ನೀರಾವರಿಯ ಜಲಾಶಯ. ಇವುಗಳಲ್ಲಿ ಒಂದನ್ನೂ ಹಕ್ಕಿಗಾಗಿ ಕಟ್ಟಿದ್ದಲ್ಲ. ಮನುಷ್ಯ ತನ್ನ ಕೆಲಸಕ್ಕೆ ಮಾಡಿಕೊಂಡ ಜಾಗದಲ್ಲಿ ನಾಲ್ಕು ಹಣ್ಣಿನ ಮರ, ಒಂದಿಷ್ಟು ನೀರು, ಕೊಂಚ ನಿಶ್ಶಬ್ದ ಉಳಿದದ್ದರಿಂದ ಹಕ್ಕಿ ಬಂತು. ಆದರೆ ಆ ಹಕ್ಕಿ ಅಲ್ಲೇ ಹುಟ್ಟಿದ್ದಲ್ಲ ಎಂಬುದನ್ನು ಮರೆಯಬಾರದು. ಡಿಪೊಕ್ಕೆ ಬರುವ ಮಂಗಟ್ಟೆ ಗೂಡು ಮಾಡುವುದಕ್ಕೆ ನದಿಯಂಚಿನ, ಕಾಡಿನ ಹಳೆಯ ಮರವೇ ಬೇಕು. ಹಿಂದೆ ಕಾಡಿಲ್ಲದಿದ್ದರೆ ಡಿಪೊದ ಅತ್ತಿಮರ ಬರಿಯ ನೆರಳಿನ ಮರ.

ಗೋಡೆಯೊಳಗಿನ ತಾಯಿ

ಮಂಗಟ್ಟೆಯ ಸಂಸಾರದ ರೀತಿ ಗೊತ್ತಿದ್ದರೆ ಛಾಯಾಗ್ರಾಹಕನ ಹೊಣೆ ಎಷ್ಟೆಂದು ತಿಳಿಯುತ್ತದೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಸೇರಿ, ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ಒಳಗೆ ಅದರ ರೆಕ್ಕೆ, ಬಾಲದ ಗರಿಗಳು ಉದುರಿ ಹೊಸದಾಗಿ ಬೆಳೆಯುತ್ತವೆ. ಆ ದಿನಗಳಲ್ಲಿ ಅದು ಹಾರಲಾರದು. ಸುಮಾರು ಮೂರು ತಿಂಗಳು ತಾಯಿಗೂ ಮರಿಗೂ ಅನ್ನ ತರುವವನು ಗಂಡು ಒಬ್ಬನೇ.

ಗಂಡು ಹೊಟ್ಟೆತುಂಬ ಹಣ್ಣು ನುಂಗಿ ಬಂದು, ಮೊದಲು ದೂರದ ಕೊಂಬೆಯಲ್ಲಿ ಕುಳಿತು ಸುತ್ತ ನೋಡುತ್ತದೆ. ಅನುಮಾನ ಬಂದರೆ ಗೂಡಿಗೆ ಹೋಗುವುದಿಲ್ಲ. ಮರದ ಬುಡದಲ್ಲಿ ಹತ್ತು ಜನ ಕ್ಯಾಮೆರಾ ಹಿಡಿದು ನಿಂತರೆ ಅದು ಅಲ್ಲೇ ಕೂತಿರುತ್ತದೆ, ಇಲ್ಲವೇ ಹೊರಟುಹೋಗುತ್ತದೆ. ಚಿತ್ರ ಸಿಗದವರು ಬೇಸರಪಟ್ಟು ಊಟಕ್ಕೆ ಹೋಗಬಹುದು. ಗೋಡೆಯೊಳಗಿನ ತಾಯಿಗೆ ಆ ಅನುಕೂಲವಿಲ್ಲ. ಗೂಡಿನ ಚಿತ್ರಗಳನ್ನು ಇಂದು ಅನೇಕ ಸ್ಪರ್ಧೆಗಳು, ಪತ್ರಿಕೆಗಳು ಸ್ವೀಕರಿಸದಿರುವುದು ಈ ಕಾರಣಕ್ಕೆ. ಒಂದು ಕಾಲಕ್ಕೆ ಕಲೆಯ ಶಿಖರ ಎನಿಸಿದ್ದದ್ದು ಇನ್ನೊಂದು ಕಾಲಕ್ಕೆ ತಪ್ಪು ಎನಿಸಿತು. ಹಳಬರ ನಿಯತ್ತಿನಲ್ಲಿ ದೋಷವಿತ್ತೆಂದು ಇದರ ಅರ್ಥವಲ್ಲ. ಅಂದು ಮರೆಗೂಡು ಕಟ್ಟುವವರು ಬೆರಳೆಣಿಕೆಯಷ್ಟು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಒಂದು ಗೂಡಿನ ಸುದ್ದಿ ಸಂಜೆಯೊಳಗೆ ನೂರು ಜನರಿಗೆ ತಲುಪುತ್ತದೆ. ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಕರೆಯುವ ರೂಢಿಯೂ ಹೀಗೆಯೇ. ಅದನ್ನು ಎದುರಾಳಿಯ ಕೂಗೆಂದು ತಿಳಿದ ಹಕ್ಕಿ ಮರಿಗಳನ್ನು ಬಿಟ್ಟು ಕಾಳಗಕ್ಕೆ ಬರುತ್ತದೆ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮಂಗಟ್ಟೆಗಳಿಗೆ ಮೊದಲನೆಯ ಅನುಸೂಚಿಯ ರಕ್ಷಣೆ ಕೊಟ್ಟಿದೆ. ಅಭಯಾರಣ್ಯದೊಳಕ್ಕೆ ಅನುಮತಿ ಪಡೆದು ಹೋಗಬಹುದಾದ ಉದ್ದೇಶಗಳಲ್ಲಿ ಛಾಯಾಗ್ರಹಣವನ್ನೂ ಹೆಸರಿಸಿದೆ. ಎಂದರೆ ಕ್ಯಾಮೆರಾ ಕಾಡಿಗೆ ಹೋಗುವುದು ಹಕ್ಕಿನಿಂದಲ್ಲ, ಪರವಾನಗಿಯಿಂದ.

ದಾಂಡೇಲಿ ಮತ್ತು ಅಣಶಿಯ ಕಾಡುಗಳು 2007ರಲ್ಲಿ ಹುಲಿ ಮೀಸಲು ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು. ಮಂಗಟ್ಟೆಗಳಿಗೆಂದೇ 52.5 ಚದರ ಕಿಲೋಮೀಟರಿನ ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು 2011ರಲ್ಲಿ ಘೋಷಣೆಯಾಯಿತು. 2018ರಲ್ಲಿ ದಾಂಡೇಲಿಯಲ್ಲಿ ಹಾರ್ನ್‌ಬಿಲ್ ಹಬ್ಬವೂ ನಡೆಯಿತು. ನಾಟಾ ಮತ್ತು ಕಾಗದಕ್ಕೆ ಹೆಸರಾಗಿದ್ದ ಊರು ಒಂದು ಹಕ್ಕಿಯ ಹೆಸರಿನಲ್ಲಿ ಹಬ್ಬ ಮಾಡುವ ಮಟ್ಟಕ್ಕೆ ಬಂದದ್ದರಲ್ಲಿ ಛಾಯಾಚಿತ್ರಗಳ ಪಾಲು ಸಣ್ಣದಲ್ಲ. ಡೇವಿಡ್‌ಸನ್ನರ ಪಟ್ಟಿಯನ್ನು ಓದಿದವರು ಕೆಲವೇ ವಿದ್ವಾಂಸರು. ಡಿಪೊದ ಮಂಗಟ್ಟೆಯ ಚಿತ್ರವನ್ನು ಕಂಡವರು ಲಕ್ಷಾಂತರ.

ಆದರೂ ಮೀಸಲು ಪ್ರದೇಶದ ಗಡಿ ಕಾಗದದ ಮೇಲಿರುವಂತೆ ಹಕ್ಕಿಯ ತಲೆಯಲ್ಲಿಲ್ಲ. ಅದರ ದಿನಚರಿ ಕಾಡಿನ ಪೊಟರೆಯಿಂದ ಹಿಡಿದು ಡಿಪೊದ ಅತ್ತಿಮರ, ಹಳ್ಳಿಯ ದೇವಸ್ಥಾನದ ಆಲ, ಹೊಲದ ಅಂಚಿನ ಬಸರಿಯವರೆಗೆ ಹಬ್ಬಿದೆ. ರಸ್ತೆ ಅಗಲ ಮಾಡುವಾಗ, ವಸತಿಗೃಹ ಕಟ್ಟುವಾಗ, ಡಿಪೊದ ಅಂಗಳ ಚೊಕ್ಕಟ ಮಾಡುವಾಗ ಮೊದಲು ಉರುಳುವುದು ಅತ್ತಿಯಂಥ ಮರ. ಅದಕ್ಕೆ ನಾಟಾದ ಬೆಲೆಯಿಲ್ಲ, ಯಾರ ಪಟ್ಟಿಯಲ್ಲೂ ಅದು ದೊಡ್ಡ ಮರವಲ್ಲ. ಅದು ಹೋದ ವರ್ಷ ಹಕ್ಕಿ ಸಾಯುವುದಿಲ್ಲ, ಬರುವುದನ್ನು ನಿಲ್ಲಿಸುತ್ತದೆ. ಹಾಗೆ ನಿಂತದ್ದನ್ನು ಸರಕಾರದ ದಾಖಲೆಗಳು ಬರೆದಿಡುವುದಿಲ್ಲ.

ಬರೆದಿಡಬಲ್ಲವರು ಛಾಯಾಗ್ರಾಹಕರು. ಯಾವ ದಿನ, ಯಾವ ಮರ, ಎಷ್ಟು ಹಕ್ಕಿ, ಯಾವ ಹಣ್ಣು ಎಂದು ಚಿತ್ರದ ಜೊತೆ ನಾಲ್ಕು ಸಾಲು ಬರೆದಿಟ್ಟರೆ ಅದು ನಾಳೆಯ ಇತಿಹಾಸಕ್ಕೆ ಆಧಾರ. ನೂರಿಪ್ಪತ್ತೈದು ವರ್ಷಗಳ ಹಿಂದೆ ಕಾರವಾರದ ಅಧಿಕಾರಿಗಳು ಒಂದೊಂದು ಚರ್ಮಕ್ಕೂ ಊರು, ದಿನ ಬರೆದ ಚೀಟಿ ಕಟ್ಟುತ್ತಿದ್ದರು. ಇಂದು ಹಕ್ಕಿಯನ್ನು ಕೊಲ್ಲದೆಯೇ ಆ ಚೀಟಿ ಬರೆಯುವುದು ಸಾಧ್ಯವಾಗಿದೆ. ದಾಂಡೇಲಿಗೆ ಕ್ಯಾಮೆರಾ ಹೊತ್ತು ಬರುವವರಲ್ಲಿ ಹತ್ತರಲ್ಲಿ ಒಬ್ಬರು ಹೀಗೆ ಮಾಡಿದರೂ, ಡಿಪೊದ ಮರವೊಂದಕ್ಕೆ ಕೊಡಲಿ ಎತ್ತುವ ಮೊದಲು ಅದರ ಮೇಲೆ ಯಾರು ಯಾರು ಊಟ ಮಾಡುತ್ತಿದ್ದರೆಂದು ತೋರಿಸಲು ಊರಿನ ಕೈಯಲ್ಲಿ ಒಂದು ಪುರಾವೆ ಇರುತ್ತದೆ.